ನಾಲ್ಕರಲ್ಲಿ ಒಂದು

ಗೋರೆಗಾಂವ್, ಮುಂಬಯಿ
೧೭ ಜೂನ್ ೧೯೫೬

ಚಿ. ಕಿಟ್ಟುವಿಗೆ ಅಕ್ಕನ ಆಶೀರ್ವಾದ.

ಶಾಮಲಾಳ ಕಾಯಿಲೆಗೆ ಕೊನೆಗೂ ಒಂದು ಹೆಸರು ಸಿಕ್ಕಿತು. ಪರೇಲಿನ ಆಸ್ಪತ್ರೆಯ ದೊಡ್ಡ ಡಾಕ್ಟರು ಚೀಟಿಯ ಮೇಲೆ ಬರೆದುಕೊಟ್ಟಿದ್ದಾರೆ, ಥಲಸೀಮಿಯಾ ಅಂತೆ. ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಊದಿಕೊಂಡಿರುವುದು ಗುಲ್ಮ, ಜಂತುಹುಳುವಲ್ಲ ಎಂದರು. ಇಷ್ಟು ದಿನ ನಾನು ಕುಡಿಸಿದ ಕಬ್ಬಿಣದ ಟಾನಿಕ್ಕು, ತಿನ್ನಿಸಿದ ಸೊಪ್ಪು, ಖರ್ಜೂರ ಯಾವುದೂ ಅವಳಿಗೆ ಬೇಕಾದದ್ದಾಗಿರಲಿಲ್ಲ. ಅವಳ ಮೈ ಒಳ್ಳೆಯ ರಕ್ತವನ್ನು ಕಟ್ಟಲಾರದಂತೆ. ಬೇರೆಯವರ ರಕ್ತ ಏರಿಸುತ್ತಿರಬೇಕು. ಎಷ್ಟು ದಿನ ಎಂದು ಕೇಳಿದೆ. ಡಾಕ್ಟರು ಅವಳ ಗಲ್ಲ ತಟ್ಟಿ, "ಬಹಳ ಚೂಟಿ ಹುಡುಗಿ" ಎಂದರು.

ಇದು ಹೆತ್ತವರಿಂದ ಬರುವಂಥದ್ದು, ಇಬ್ಬರ ರಕ್ತವನ್ನೂ ನೋಡಬೇಕು ಎಂದಿದ್ದಾರೆ. ಇವರು ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. "ದಿನಾ ಲೋಕಲ್‌ನಲ್ಲಿ ನೇತಾಡಿಕೊಂಡು ಫೋರ್ಟಿನ ಆಫೀಸಿಗೆ ಹೋಗಿ ಬರೋನು ನಾನು. ನನ್ನ ರಕ್ತಕ್ಕೇನಾಗಿದೆಯೇ?" ಅನ್ನುತ್ತಾರೆ. ನಿನಗೂ ಸೋದರಮಾವ, ನನಗೂ ತಾಳಿ ಕಟ್ಟುವ ತನಕ ಸೋದರಮಾವನೇ. ಅವರ ಹಟ ನಿನಗೆ ಗೊತ್ತು. ಅಜ್ಜಿಯದು ಇನ್ನೊಂದು ಮಾತು. "ನಮ್ಮನೇಲಿ ಇಂಥದ್ದಿಲ್ಲ ಕಣೇ ಕೌಸಲ್ಯಾ. ಇದು ನಿಮ್ಮಪ್ಪನ ಕಡೇದು. ಮಗಳನ್ನ ಹೊರಗೆ ಕೊಟ್ಟೆ, ಮೊಮ್ಮಗಳನ್ನಾದ್ರೂ ಮಗನಿಗೇ ತಂದುಕೊಂಡೆನಲ್ಲಾಂತ ಸಮಾಧಾನ ಪಟ್ಟಿದ್ದೆ" ಎಂದು ಒಲೆಯ ಮುಂದೆ ಕೂತು ಹೇಳುತ್ತಾಳೆ. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅವರ ಪರವಾಗಿ ಮಾತಾಡಲು ನಾನೊಬ್ಬಳೇ.

ನೀನು ಕಲ್ಕತ್ತೆಯಲ್ಲಿ ದಿನವೂ ರಕ್ತವನ್ನೇ ನೋಡುತ್ತ ಕೂತಿರುವವನು. ಇದು ಮೈಯಲ್ಲಿ ಎಲ್ಲಿರುತ್ತದೆ? ನನ್ನಿಂದಲೇ ಅವಳಿಗೆ ಹೋಯಿತೆನ್ನುವುದಾದರೆ, ಒಂಬತ್ತು ತಿಂಗಳು ಹೊತ್ತವಳಿಗೆ ತಿಳಿಯದ ಹಾಗೆ ಹೇಗೆ ಹೋಯಿತು?

ನಿನ್ನ ಅಕ್ಕ,
ಕೌಸಲ್ಯಾ


ಕಲ್ಕತ್ತಾ
೨೫ ಜೂನ್ ೧೯೫೬

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದವನ್ನು ಲ್ಯಾಬೊರೇಟರಿಯ ಮೆಟ್ಟಿಲ ಮೇಲೆ ಓದಿದೆ. ಕಾಯಿಲೆಯ ಹೆಸರು ನೋಡಿದ ಮೇಲೆ ಒಳಗೆ ಹೋಗಿ ಕೆಲಸಕ್ಕೆ ಕೂರಲಾಗಲಿಲ್ಲ.

ನೀನು ಕೇಳಿದ್ದಕ್ಕೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಕೋಶದ ನಡುವೆ ಒಂದು ಕೇಂದ್ರ, ಅದರೊಳಗೆ ನೂಲಿನಂಥ ಎಳೆಗಳು. ಮೈ ಏನೇನನ್ನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದೆಲ್ಲ ಆ ಎಳೆಗಳಲ್ಲಿದೆ. ಮೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಅದರ ಆಕಾರವನ್ನು ಕಂಡುಕೊಂಡರು. ಒಂದನ್ನೊಂದು ಸುತ್ತಿಕೊಂಡ ಎರಡೆರಡು ಎಳೆ. ಬಿಡಿಸಿದರೆ ಒಂದನ್ನು ನೋಡಿಕೊಂಡು ಅದರ ಜೋಡಿಯನ್ನು ಹೊಸದಾಗಿ ಕಟ್ಟಬಹುದು. ಹೀಗೆ ಅದು ಕೋಶದಿಂದ ಕೋಶಕ್ಕೆ, ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತದೆ. ಎಲ್ಲೋ ಒಂದು ಅಕ್ಷರ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಕೋಶ ಅದನ್ನು ಓದಿಕೊಳ್ಳುವುದು ಹೇಗೆ ಎಂಬುದು ಮಾತ್ರ ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲ.

ನಿನ್ನ ಕೈಯ ಚರ್ಮದಲ್ಲೂ ರಕ್ತ ಕಟ್ಟುವ ವಿಧಾನ ಇದೆ, ಆದರೆ ಚರ್ಮ ಅದನ್ನು ತೆರೆದು ನೋಡುವುದಿಲ್ಲ. ಮೂಳೆಯೊಳಗಿನ ಮಜ್ಜೆ ನೋಡುತ್ತದೆ. ಅಲ್ಲಿ ಹುಟ್ಟುವ ಕೆಂಪು ಕಣ ತನಗೆ ಬೇಕಾದದ್ದನ್ನು ಕಟ್ಟಿಕೊಂಡ ಮೇಲೆ ಕೇಂದ್ರವನ್ನೇ ಹೊರಗೆ ಹಾಕಿ ರಕ್ತಕ್ಕೆ ಇಳಿಯುತ್ತದೆ. ಆಮೇಲೆ ತಿದ್ದಿಕೊಳ್ಳಲು ಅದರ ಬಳಿ ಏನೂ ಇರುವುದಿಲ್ಲ. ಶಾಮಲಾಳ ಕಣಗಳು ಸರಿಯಿಲ್ಲದೆ ಹೊರಟು, ಬೇಗ ಒಡೆದುಹೋಗುತ್ತಿವೆ.

ಗಾಜಿನ ಪಟ್ಟಿಗಳನ್ನು ಹತ್ತಿಯಲ್ಲಿ ಸುತ್ತಿ ಪಾರ್ಸಲ್ ಮಾಡಿದ್ದೇನೆ. ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಗಾಳಿಯಲ್ಲಿ ಒಣಗಿಸಿ ಕಳಿಸು. ಎಳೆಯುವುದು ಹೇಗೆಂದು ಆಸ್ಪತ್ರೆಯಲ್ಲಿ ತೋರಿಸಿಕೊಡುತ್ತಾರೆ. ಮಾವ ಅಲ್ಲಿಗೆ ಬರದಿದ್ದರೆ ಬೇಡ, ಮನೆಯಲ್ಲೇ ಕೊಡಲಿ.

ನಿನ್ನ
ಕಿಟ್ಟು


ಗೋರೆಗಾಂವ್
೧೯ ಜುಲೈ ೧೯೫೬

ಚಿ. ಕಿಟ್ಟುವಿಗೆ ಆಶೀರ್ವಾದ.

ಗಾಜುಗಳು ಇದರ ಜೊತೆ ಹೊರಟಿವೆ. ಭಾನುವಾರ ಇವರು ಪೇಪರ್ ಓದುತ್ತಿದ್ದಾಗ ಸೂಜಿ ಹಿಡಿದುಕೊಂಡು ಮುಂದೆ ಹೋಗಿ ಕೂತೆ. ಶಾಮಲಾ ಪಕ್ಕದಲ್ಲಿ ನಿಂತು, "ಅಪ್ಪಾ, ಡರೋ ಮತ್. ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದಳು. ಇವರು ಪೇಪರನ್ನು ಮುಖದಿಂದ ಇಳಿಸಲಿಲ್ಲ. ಒಂದು ಕೈಯನ್ನು ಮಾತ್ರ ನನ್ನ ಕಡೆ ಚಾಚಿದರು.

ಅವಳಿಗೆ ಎರಡು ಸಲ ರಕ್ತ ಏರಿಸಿದರು. ಸ್ಟೇಶನ್ ಎದುರಿನ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವ ಶೇಖರ ಎಂಬುವನು, ಇವರು ಕಾಫಿ ಕುಡಿಯುತ್ತ ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡು ತಾನಾಗಿ ನಮ್ಮ ಚಾಳಿನ ಮನೆಗೆ ಬಂದ. "ನನ್ನದು ಆಗ್ತದಾ ಅಂತ ನೋಡಿ ಅಕ್ಕ. ಆಗದಿದ್ರೆ ನಮ್ಮ ಹೋಟೆಲಿನ ಹುಡುಗ ಕೊರಗ ಇದ್ದಾನೆ. ಕೊಟ್ಟರೆ ಎಂತ ಮುಗಿದು ಹೋಗ್ತದಾ? ಮತ್ತೆ ಆಗ್ತದಲ್ಲ" ಎಂದ. ಇಬ್ಬರದೂ ಹೊಂದಿಕೆಯಾಯಿತು. ಅವರು ಯಾವ ಜನ ಎಂದು ಅಜ್ಜಿ ಕೇಳಿದಳು. ರಕ್ತ ಕೊಡುವ ಜನ ಅಜ್ಜಿ ಎಂದೆ.

ರಕ್ತ ಏರಿಸಿದ ಮಾರನೆಯ ದಿನ ಶಾಮಲಾಳ ತುಟಿ ಕೆಂಪಾಗುತ್ತದೆ. ಮೆಟ್ಟಿಲು ಇಳಿದು ಓಡುತ್ತಾಳೆ. ಪಕ್ಕದ ಮನೆಯ ಗಂಗುಬಾಯಿಗೆ ಹೊಟ್ಟೆ ತೋರಿಸಿ, "ಇದರೊಳಗೆ ಶೇಖರ್ ಮಾಮಾ ಇದಾರೆ" ಎಂದು ಹೇಳಿಬಂದಳು.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅವಳಿಗೆ ಜಡೆ ಹಾಕುವಾಗ ನನ್ನ ಬೆರಳುಗಳನ್ನೇ ನೋಡುತ್ತೇನೆ. ಅದು ಇವುಗಳಲ್ಲೂ ಇದೆ, ಸುಮ್ಮನೆ ಮುಚ್ಚಿಕೊಂಡು ಕೂತಿದೆ, ಅಲ್ಲವೇ?

ಕೌಸಲ್ಯಾ


ಕಲ್ಕತ್ತಾ
೮ ಆಗಸ್ಟ್ ೧೯೫೬

ಪ್ರೀತಿಯ ಅಕ್ಕನಿಗೆ,

ಗಾಜುಗಳು ಒಡೆಯದೆ ಬಂದವು. ಬಣ್ಣ ಹಾಕಿ ನೋಡಿದೆ. ನಮ್ಮ ಪ್ರೊಫೆಸರರಿಗೂ ತೋರಿಸಿದೆ.

ಶಾಮಲಾಳ ಕಣಗಳಲ್ಲಿ ಕೆಲವು ಕೇಂದ್ರವನ್ನು ಇನ್ನೂ ಒಳಗೇ ಇಟ್ಟುಕೊಂಡು ಹೊರಗೆ ಬಂದಿವೆ. ಮಜ್ಜೆ ಅಷ್ಟು ಅವಸರದಲ್ಲಿದೆ. ನಿನ್ನವೂ ಮಾವನವೂ ಹಾಗಿಲ್ಲ, ಆದರೆ ಸಣ್ಣವು, ತೆಳುಬಣ್ಣದವು. ಮೇಲೆ ಹೆಸರು ಬರೆದಿರದಿದ್ದರೆ ಯಾವುದು ಯಾರದೆಂದು ಹೇಳಲಾಗುತ್ತಿರಲಿಲ್ಲ. ಹೋಲಿಸಿ ನೋಡಲು ಬೇಕಾದ ಒಳ್ಳೆಯ ರಕ್ತವನ್ನು ಇಲ್ಲಿ ಜೊತೆಯಲ್ಲಿ ಕೆಲಸ ಮಾಡುವವನಿಂದ ತೆಗೆದುಕೊಂಡೆ.

ವಿಷಯ ಹೀಗೆ. ಪ್ರತಿಯೊಬ್ಬರಲ್ಲೂ ಆ ವಿಧಾನದ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಿಮ್ಮಿಬ್ಬರಲ್ಲೂ ಒಂದು ಪ್ರತಿ ಸರಿ, ಒಂದು ತಪ್ಪು. ಸರಿಯಾದದ್ದು ಮನೆ ನಡೆಸಿಕೊಂಡು ಹೋಗುತ್ತದೆ, ಆದ್ದರಿಂದಲೇ ನೀವಿಬ್ಬರೂ ಗಟ್ಟಿಮುಟ್ಟಾಗಿದ್ದೀರಿ. ಇಬ್ಬರಿಂದಲೂ ತಪ್ಪು ಪ್ರತಿಯೇ ಬಂದರೆ ಮಗುವಿಗೆ ಈ ಕಾಯಿಲೆ. ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ ಎಂದು ಲೆಕ್ಕ.

ಇಬ್ಬರಲ್ಲೂ ಒಂದೇ ತಪ್ಪಿರುವುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಅಮ್ಮನೂ ಮಾವನೂ ಒಡಹುಟ್ಟಿದವರು. ಅಜ್ಜಿಯಿಂದಲೋ ತೀರಿಹೋದ ಅಜ್ಜನಿಂದಲೋ ಇಬ್ಬರಿಗೂ ಬಂದಿರಬೇಕು. ಅಜ್ಜಿಗೆ ಇದನ್ನು ಹೇಳಬೇಡ. ಈ ಮದುವೆ ಮಾಡಿಸಿದವಳು ಅವಳು.

ಕಿಟ್ಟು


ಗೋರೆಗಾಂವ್
೨ ಸೆಪ್ಟೆಂಬರ್ ೧೯೫೬

ಚಿ. ಕಿಟ್ಟುವಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಮಾರನೆಯ ದಿನ ಆಸ್ಪತ್ರೆಗೆ ತಾವೂ ಬಂದರು. ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಸೇತುವೆ ಹತ್ತುವಾಗ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು, "ಹಾಗಾದರೆ ಇದು ನನ್ನದೂ ಹೌದು" ಎಂದರು. ಅಷ್ಟೇ. ಅಂದಿನಿಂದ ಒಂದು ಸಲವೂ ಆಸ್ಪತ್ರೆ ತಪ್ಪಿಸಿಲ್ಲ.

ನನಗೂ ಮನಸ್ಸು ಸ್ವಲ್ಪ ಹಗುರವಾಗಿದೆ ಕಣೋ. ನಾಲ್ಕರಲ್ಲಿ ಒಂದು ಎಂದೆಯಲ್ಲ. ಆ ಒಂದು ನಮ್ಮ ಪಾಲಿಗೆ ಬಂದಾಯಿತು. ಇನ್ನು ಹುಟ್ಟುವ ಮೂರು ಮಕ್ಕಳಿಗೆ ಭಯವಿಲ್ಲ. ಶಾಮಲಾ ತಮ್ಮ ಬೇಕೆಂದು ದಿನವೂ ಪೀಡಿಸುತ್ತಾಳೆ.

ಇನ್ನೊಂದು ವಿಷಯ. ಮೈಸೂರಿನ ದೊಡ್ಡ ಮಾವ ತಮ್ಮ ಮಗಳು ವಿನೋದಿನಿಯನ್ನು ನಿನಗೇ ಕೊಡುವುದೆಂದು ಮತ್ತೆ ಬರೆದಿದ್ದಾರೆ. ಚಿಕ್ಕಂದಿನಿಂದ ಆಡಿಕೊಂಡಿದ್ದ ಮಾತು. ನಿನಗೂ ಅವಳ ಮೇಲೆ ಮನಸ್ಸಿದೆಯೆಂದು ನನಗೆ ಗೊತ್ತಿಲ್ಲವೇ? ಅಜ್ಜಿ ಇರುವಾಗಲೇ ಆಗಿಬಿಡಲಿ.

ಕೌಸಲ್ಯಾ


ಕಲ್ಕತ್ತಾ
೯ ಸೆಪ್ಟೆಂಬರ್ ೧೯೫೬

ಅಕ್ಕಾ,

ನಿನ್ನ ಕಾಗದ ಬಂದ ಗಳಿಗೆಯಲ್ಲೇ ಬರೆಯುತ್ತಿದ್ದೇನೆ. ನಾನು ಸರಿಯಾಗಿ ಬರೆದಿರಲಿಲ್ಲ, ಅದಕ್ಕೇ ನೀನು ಹಾಗೆ ತಿಳಿದುಕೊಂಡೆ. ಒಂದು ಆಯಿತು, ಉಳಿದ ಮೂರು ಸರಿಯಿರುತ್ತವೆ ಎಂದರ್ಥವಲ್ಲ. ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದು. ತನ್ನ ಅಕ್ಕನಿಗೆ ಕಾಯಿಲೆ ಬಂದಿದೆ ಎಂಬುದು ಮುಂದಿನ ಮಗುವಿಗೆ ಗೊತ್ತಿರುವುದಿಲ್ಲ. ನಾಲ್ಕಕ್ಕೆ ನಾಲ್ಕೂ ಸರಿಯಾಗಿ ಹುಟ್ಟಬಹುದು, ಎರಡಕ್ಕೆ ಎರಡೂ ಹೀಗೇ ಆಗಬಹುದು. ಗರ್ಭದಲ್ಲಿರುವಾಗ ತಿಳಿಯುವ ದಾರಿ ಯಾವುದೂ ಇಲ್ಲ. ದಯವಿಟ್ಟು ಇದನ್ನು ಮಾವನಿಗೂ ಓದಿ ಹೇಳು. ನಿಶ್ಚಯ ನಿಮ್ಮಿಬ್ಬರದು, ಆದರೆ ತಪ್ಪು ಲೆಕ್ಕದ ಮೇಲೆ ನಿಶ್ಚಯ ಮಾಡಬೇಡಿ.

ವಿನೋದಿನಿಯ ವಿಷಯಕ್ಕೆ ಈಗ ಹೂಂ ಅನ್ನಲಾರೆ. ದೊಡ್ಡ ಮಾವನಿಗೆ ನಾನೇ ಬರೆಯುತ್ತೇನೆ.

ಕಿಟ್ಟು


ಗೋರೆಗಾಂವ್
೨೦ ಜನವರಿ ೧೯೫೭

ಕಿಟ್ಟು,

ಬರೆಯದೆ ಬಹಳ ದಿನವಾಯಿತು. ಶಾಮಲಾಳಿಗೆ ಈಗ ರಕ್ತ ಏರಿಸಿದರೂ ಕೆಂಪು ಹೆಚ್ಚು ದಿನ ನಿಲ್ಲುವುದಿಲ್ಲ. ಕೆನ್ನೆಯ ಮೂಳೆ ಉಬ್ಬಿ ಮುಖದ ಚಹರೆ ಬದಲಾಗುತ್ತಿದೆ. ಕನ್ನಡಿ ನೋಡಿಕೊಂಡು, "ಅಮ್ಮಾ, ನಾನು ಯಾರ ಹಾಗಿದೀನಿ?" ಎಂದು ಕೇಳಿದಳು. ನನ್ನ ಹಾಗೆ ಎಂದೆ.

ದೊಡ್ಡ ಮಾವನ ಕಾಗದ ಬಂತು. ಹೆಣ್ಣು ನೋಡಲು ಹೋದವರು ಒಂದು ಹಾಡು ಹೇಳು ಅನ್ನುತ್ತಾರೆ, ನೀನು ವಿನೋದಿನಿಯ ರಕ್ತ ಬೇಕೆಂದು ಗಾಜು ಕಳಿಸಿದೆಯಂತೆ. ಅದನ್ನು ಬಿಚ್ಚದೆ ವಾಪಸು ಕಳಿಸಿದರಂತೆ. "ನಮ್ಮ ಹುಡುಗೀನ ಸಂತೆ ದನದ ಹಾಗೆ ಪರೀಕ್ಷೆ ಮಾಡೋ ಗಂಡು ನಮಗೆ ಬೇಡ" ಎಂದು ಬರೆದಿದ್ದಾರೆ. ಅವಳು ಊಟ ಬಿಟ್ಟು ಅತ್ತಳಂತೆ. ಬೇಡವಾಗಿದ್ದರೆ ಬೇಡವೆಂದು ಹೇಳಬಹುದಿತ್ತು. ಅಲ್ಲಿ ಯಾವಳೋ ಬಂಗಾಳಿ ಹುಡುಗಿ ಇದ್ದಾಳೆಂದು ಅಜ್ಜಿ ಅನ್ನುತ್ತಾಳೆ. ಇಲ್ಲ ಎಂದು ಅಜ್ಜಿಯ ಜೊತೆ ಜಗಳವಾಡಿದೆ. ಆದರೆ ನನಗೂ ಈಗ ಏನು ಹೇಳಬೇಕೋ ತಿಳಿಯದು. ನನ್ನ ಕೈಯಲ್ಲಿ ಬೆಳೆದವನು ನೀನು.

ನನಗೆ ಮೂರು ತಿಂಗಳು. ಜುಲೈ ಎಂದಿದ್ದಾರೆ.

ಅಕ್ಕ


ಕಲ್ಕತ್ತಾ
೨೮ ಜನವರಿ ೧೯೫೭

ಅಕ್ಕನಿಗೆ,

ಸಂತೋಷ. ಹುಷಾರಾಗಿರು. ಹಾಲು, ತರಕಾರಿ ಬಿಡಬೇಡ, ಶಾಮಲಾಳನ್ನು ಎತ್ತಿಕೊಂಡು ಸ್ಟೇಶನ್ ಮೆಟ್ಟಿಲು ಹತ್ತಬೇಡ.

ಸೆಪ್ಟೆಂಬರಿನಲ್ಲಿ ನಾನು ಬರೆದ ಕಾಗದ ನಿನಗೆ ತಲುಪಿತ್ತೇ? ಮಳೆಗಾಲದಲ್ಲಿ ಇಲ್ಲಿಯ ಅಂಚೆ ಎಷ್ಟೋ ಸಲ ಕಳೆದುಹೋಗುತ್ತದೆ. ತಲುಪದಿದ್ದರೂ ಈಗ ಪರವಾಗಿಲ್ಲ.

ಬಂಗಾಳಿ ಹುಡುಗಿ ಯಾರೂ ಇಲ್ಲ. ವಿನೋದಿನಿಗೆ ನನ್ನ ಬಗ್ಗೆ ಏನನ್ನಿಸಿತೋ ಅನ್ನಿಸಲಿ. ಅವಳಿಗೆ ಬೇರೆ ಒಳ್ಳೆಯ ಕಡೆ ನೋಡಲಿ ಎಂದು ದೊಡ್ಡ ಮಾವನಿಗೆ ನೀನೇ ಬರೆ.

ಕಿಟ್ಟು


ಗೋರೆಗಾಂವ್
೨೫ ಜುಲೈ ೧೯೫೭

ಚಿ. ಕಿಟ್ಟುವಿಗೆ ಆಶೀರ್ವಾದ.

ಹನ್ನೆರಡನೆಯ ತಾರೀಖು ಗಂಡು ಮಗು ಆಯಿತು. ಕೆಂಪಗಿದ್ದಾನೆ, ಅತ್ತರೆ ಇಡೀ ಚಾಳಿಗೆ ಕೇಳುತ್ತದೆ. ಅಜ್ಜನ ಹೆಸರನ್ನೇ ಇಟ್ಟೆವು, ಶಾಮಲಾ ಮಾತ್ರ ಅಣ್ಣು ಎಂದು ಕರೆಯುತ್ತಾಳೆ. ಅವಳಿಗೆ ಎತ್ತಿಕೊಳ್ಳುವ ಶಕ್ತಿ ಇಲ್ಲ. ಗೋಡೆಗೆ ಒರಗಿಸಿ ಕೂರಿಸಿ ಅವಳ ಕಾಲ ಮೇಲೆ ಮಗುವನ್ನು ಮಲಗಿಸಬೇಕು. ಶೇಖರ ನೋಡಲು ಬಂದಾಗ ಅವಳೇ ಹೇಳಿದಳು: "ಮಾಮಾ, ಇವನಿಗೆ ಕೊಡಬೇಡಿ. ಇವನದು ಇವನತ್ರಾನೇ ಇದೆ."

ಶೇಖರ ನಗುತ್ತ ಎದ್ದು ಹೊರಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಮೇ ತಿಂಗಳಲ್ಲಿ ವಿನೋದಿನಿಯ ಮದುವೆ ಆಯಿತು. ಗಂಡ ಭದ್ರಾವತಿಯಲ್ಲಿದ್ದಾನೆ. ನೀನು ಬರುತ್ತೀಯೆಂದು ಯಾರೂ ಕಾದಿರಲಿಲ್ಲ.

ಕೌಸಲ್ಯಾ


ಗೋರೆಗಾಂವ್
೨೪ ನವೆಂಬರ್ ೧೯೫೭

ಕಿಟ್ಟು,

ತಂತಿ ತಲುಪಿರಬೇಕು. ಅವಳು ಹೋಗಿ ಎರಡು ವಾರವಾಯಿತು. ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ, ಇಲ್ಲಿ ಎಲ್ಲರೂ ಅದನ್ನು ನೋಡಿದವರೇ.

ಬೆಳಿಗ್ಗೆ ಏದುಸಿರು ಬಿಡುತ್ತಿದ್ದಳು. ಟ್ಯಾಕ್ಸಿ ಮಾಡಿ ಪರೇಲಿಗೆ ಹೋದೆವು. ಶೇಖರ, ಕೊರಗ ಇಬ್ಬರೂ ನಮಗಿಂತ ಮುಂಚೆ ಬಂದು ಬೆಂಚಿನ ಮೇಲೆ ತೋಳು ಮಡಚಿಕೊಂಡು ಕೂತಿದ್ದರು. ಎದೆ ಸೋತಿದೆ, ಈಗ ರಕ್ತ ಏರಿಸಿದರೆ ಅದೇ ಭಾರವಾಗುತ್ತದೆ ಎಂದರು ಡಾಕ್ಟರು. ಅವರಿಂದಾದದ್ದನ್ನೆಲ್ಲ ಮಾಡಿದರು. ಶೇಖರನಿಗೆ ಮಾತ್ರ ಅದು ಅರ್ಥವಾಗಲಿಲ್ಲ. "ಇದೆಯಲ್ಲ ಡಾಕ್ಟ್ರೇ, ನನ್ನತ್ರ ಬೇಕಾದಷ್ಟು ಇದೆಯಲ್ಲ" ಎಂದು ಅವರ ಹಿಂದೆಯೇ ವಾರ್ಡಿನ ತುದಿಯ ತನಕ ಹೋದ. ಅವಳು ಇವರ ಬೆರಳನ್ನು ಹಿಡಿದುಕೊಂಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಇವರು ಬೆರಳು ಬಿಡಿಸಿಕೊಂಡು, "ಕೌಸಲ್ಯಾ, ಇನ್ನು ಮನೆಗೆ ಹೋಗೋಣ" ಎಂದರು.

ಕರ್ಮಾಂತರ ಮುಗಿದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದು ಕೇಳಿದಳು: "ಇದು ನಿಮ್ಮಪ್ಪನ ಕಡೇದಲ್ಲ, ಅಲ್ವೇನೇ? ಆ ಮಾತಿಗೆ ನೀನು ಒಂದು ದಿನವೂ ಎದುರು ಹೇಳಲಿಲ್ಲ, ಅದರಿಂದಲೇ ಗೊತ್ತಾಯಿತು." ಡಾಕ್ಟರಿಗೂ ತಿಳಿಯಲಿಲ್ಲ ಅಜ್ಜಿ ಎಂದೆ.

ಅಕ್ಕ


ಕಲ್ಕತ್ತಾ
೨ ಡಿಸೆಂಬರ್ ೧೯೫೭

ಪ್ರೀತಿಯ ಅಕ್ಕನಿಗೆ,

ತಂತಿ ಬಂದಾಗ ನಾನು ಸಮೀಕ್ಷೆಗೆಂದು ಹಳ್ಳಿಯ ಕಡೆ ಹೋಗಿದ್ದೆ. ಹಿಂತಿರುಗಿದಾಗ ಬಾಗಿಲ ಸಂದಿಯಲ್ಲಿ ಅದೂ, ಅದರ ಮೇಲೆ ನಿನ್ನ ಕಾಗದವೂ ಇದ್ದವು. ಅವಳ ಹೆಸರಿನ ಗಾಜು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ತೆಗೆದು ನೋಡುವ ಧೈರ್ಯವಿಲ್ಲ, ಬಿಸಾಡುವುದೂ ಆಗುವುದಿಲ್ಲ. ಹೊರದೇಶದಲ್ಲಿ ಕಳೆದ ವರ್ಷ, ಇನ್ನೊಂದು ರಕ್ತದ ಕಾಯಿಲೆಗೆ ಕಾರಣ ಕೆಂಪು ಕಣದ ಪ್ರೋಟೀನಿನ ಉದ್ದ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲಾಗಿರುವುದು ಎಂದು ಕಂಡುಹಿಡಿದಿದ್ದಾರೆ. ಇಲ್ಲಿ ನಮಗೆಲ್ಲ ಅದರದೇ ಸಂಭ್ರಮ. ಅದನ್ನು ಓದಿದಾಗ, ಶಾಮಲಾಳಿಗೆ ಇದರಿಂದ ಏನಾಯಿತು ಎಂದು ಮಾತ್ರ ಅನ್ನಿಸಿತು.

ಒಂದು ಮಾತನ್ನು ನಿನಗೆ ಹೇಳಿರಲಿಲ್ಲ. ಅವತ್ತು ನಿಮ್ಮ ರಕ್ತದ ಜೊತೆ ಹೋಲಿಸಲು ಮೊದಲು ಚುಚ್ಚಿಕೊಂಡದ್ದು ನನ್ನ ಬೆರಳನ್ನೇ. ನೋಡಿದರೆ ನನ್ನದೂ ನಿಮ್ಮ ಹಾಗೇ ಇತ್ತು. ಅಮ್ಮ ನನಗೂ ಅದನ್ನೇ ಕೊಟ್ಟಿದ್ದಾಳೆ. ವಿನೋದಿನಿಯ ಅಪ್ಪನೂ ಅಮ್ಮನಿಗೆ ಒಡಹುಟ್ಟಿದವರೇ. ಅವಳಲ್ಲಿ ಇರಬಹುದಿತ್ತು, ಇಲ್ಲದೆಯೂ ಇರಬಹುದಿತ್ತು. ಒಂದು ತೊಟ್ಟಿನಲ್ಲಿ ತಿಳಿಯುತ್ತಿತ್ತು. ಕಾರಣ ಬರೆದಿದ್ದರೆ ಊರೆಲ್ಲ ಅವಳ ರಕ್ತದ ಮಾತಾಡುತ್ತಿತ್ತು, ಅದಕ್ಕೇ ಬರೆಯಲಿಲ್ಲ. ಅವಳನ್ನು ಬಿಟ್ಟರೆ ಬೇರೆ ಯಾರನ್ನೂ ನಾನು ಯೋಚಿಸಿರಲಿಲ್ಲ.

ಅಣ್ಣು ಹೇಗಿದ್ದಾನೆ?

ಕಿಟ್ಟು


ಗೋರೆಗಾಂವ್
೧೪ ಏಪ್ರಿಲ್ ೧೯೫೮

ಚಿ. ಕಿಟ್ಟು,

ನಿನ್ನ ಬಗ್ಗೆ ಅಷ್ಟೆಲ್ಲ ಆಡಿದೆ. ನೀನು ನುಂಗಿಕೊಂಡೆ. ಚಿಕ್ಕಂದಿನಲ್ಲೂ ಹೊಡೆಸಿಕೊಂಡು ಸುಮ್ಮನಿರುತ್ತಿದ್ದೆ.

ಈಗ ನಾನು ಹೇಳುವುದನ್ನು ಕೇಳು. ನಿನ್ನ ಸೆಪ್ಟೆಂಬರಿನ ಕಾಗದ ನನಗೆ ತಲುಪಿತ್ತು. ಆಸ್ಪತ್ರೆಯಿಂದ ಬರುವಾಗ ಲೋಕಲ್‌ನಲ್ಲಿ ಶಾಮಲಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿದೆ. ಚೆನ್ನಾಗಿಯೇ ಅರ್ಥವಾಯಿತು. ಆಗ ನಾನು ಬಸುರಿಯಾಗಿರಲಿಲ್ಲ. ಇವರಿಗೆ ಅದನ್ನು ಓದಿ ಹೇಳಲಿಲ್ಲ. ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದಿದೆಯಲ್ಲ ಎಂದು ಆ ಮೂರನ್ನೇ ಹಿಡಿದುಕೊಂಡೆ. ಅವಳು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳು ಹೋದ ಮನೆಗೆ ಹಿಂತಿರುಗಿ ಬರಲು ನನ್ನಿಂದಾಗದು ಅನ್ನಿಸಿತ್ತು. ತಪ್ಪು ಮಾಡಿದೆ ಎಂದು ಬರೆಯುತ್ತಿಲ್ಲ. ಅಣ್ಣುವಿನ ಮುಖ ನೋಡಿಕೊಂಡು ಹಾಗೆ ಬರೆಯಲು ಬರುವುದಿಲ್ಲ.

ಒಂದೂವರೆ ತಿಂಗಳಿಂದ ಅವನು ಬಿಳಿಚಿಕೊಂಡಿದ್ದಾನೆ. ಹಲ್ಲು ಬರುತ್ತಿದೆ, ಅದಕ್ಕೇ ಎಂದು ಗಂಗುಬಾಯಿ ಅನ್ನುತ್ತಾಳೆ. ನಾನೂ ಹೂಂ ಅನ್ನುತ್ತೇನೆ. ಅವನ ಬೆರಳಿನದನ್ನು ಗಾಜಿನ ಮೇಲೆ ಎಳೆದು ಕಳಿಸಿದ್ದೇನೆ. ಪರೇಲಿಗೆ ಹೋಗುವ ಮೊದಲು ನೀನು ನೋಡು. ಬೇರೆ ಯಾರೋ ಹೇಳುವುದು ಬೇಡ.

ಅಕ್ಕ


ಕಲ್ಕತ್ತಾ
೨೩ ಏಪ್ರಿಲ್ ೧೯೫೮

ಅಕ್ಕಾ,

ನೋಡಿದೆ. ರಜೆ ಕೇಳಿದ್ದೇನೆ, ಸಿಕ್ಕಿದೆ. ನಾಲ್ಕನೆಯ ತಾರೀಖು ಭಾನುವಾರ ಮೇಲ್ ಹತ್ತುತ್ತೇನೆ. ಬಂದು ಮಾತಾಡುತ್ತೇನೆ.

ಕಿಟ್ಟು


ಗೋರೆಗಾಂವ್
೨೮ ಏಪ್ರಿಲ್ ೧೯೫೮

ಚಿ. ಕಿಟ್ಟುವಿಗೆ ಆಶೀರ್ವಾದ.

ಚೆನ್ನಾಗಿದ್ದಿದ್ದರೆ ನೀನು ಎರಡಕ್ಷರ ಬರೆದುಬಿಡುತ್ತಿದ್ದೆ. ಹೊರಡುವ ಮೊದಲು ಇದು ನಿನಗೆ ಸಿಗಲಿ ಎಂದು ಬರೆಯುತ್ತಿದ್ದೇನೆ.

ಇವರಿಗೆ ಎಲ್ಲವನ್ನೂ ಹೇಳಿದೆ, ಮುಚ್ಚಿಟ್ಟದ್ದನ್ನೂ ಹೇಳಿದೆ. ಎದ್ದು ಗ್ಯಾಲರಿಯಲ್ಲಿ ಹೋಗಿ ನಿಂತರು. ನಾನು ಒಲೆ ಹಚ್ಚಿ ಅನ್ನಕ್ಕಿಟ್ಟೆ. ಅನ್ನ ಆಗುವ ಹೊತ್ತಿಗೆ ಒಳಗೆ ಬಂದು, "ಹೇಳಿದ್ದರೆ ನಾನು ಬೇಡ ಅಂತಿದ್ದೆನೋ ಏನೋ. ಅಂದಿದ್ದರೆ ಇವನು ಇರುತ್ತಿರಲಿಲ್ಲ. ಯಾವುದು ಸರಿ ಅಂತ ನನ್ನ ಕೇಳಬೇಡ" ಎಂದರು. ಕಾಫಿಗೆ ಹೋದಾಗ ಶೇಖರನಿಗೂ ಹೇಳಿದ್ದಾರೆ. ಅವನು ಗಲ್ಲೆಯಿಂದ ಎದ್ದು ಬಂದು ಕೇಳಿದ್ದು ಒಂದೇ ಮಾತಂತೆ: "ಯಾವ ದಿನ ಬರಬೇಕು ಹೇಳಿ."

ಅಜ್ಜಿಗೆ ಹೇಳಿಲ್ಲ. ಆದರೆ ಎರಡು ದಿನದಿಂದ ಅವಳು ಅಣ್ಣುವನ್ನು ಮಡಿಲಿಂದ ಕೆಳಗಿಳಿಸುತ್ತಿಲ್ಲ, ಜಪವನ್ನೂ ಬಿಟ್ಟಿದ್ದಾಳೆ.

ನೀನು ಹೇಗೆ ಹೇಳುವುದು, ಏನು ಹೇಳುವುದು ಎಂದು ರೈಲಿನುದ್ದಕ್ಕೂ ಯೋಚಿಸಿಕೊಂಡು ಬರಬೇಡ. ಹೇಳುವುದು ಏನೂ ಉಳಿದಿಲ್ಲ. ಬೋರಿಬಂದರ್ ಸ್ಟೇಶನ್ನಿಗೆ ಇವರೇ ಬರುತ್ತಾರೆ. ನಿನ್ನ ಸೋದರಳಿಯನನ್ನು ನೀನು ಇದುವರೆಗೆ ಕಣ್ಣಾರೆ ಕಂಡಿಲ್ಲ, ಗಾಜಿನ ಮೇಲೆ ಮಾತ್ರ ಕಂಡಿದ್ದೀಯೆ. ಮೊನ್ನೆಯಿಂದ ಅವನು ಟ್ರಂಕು ಹಿಡಿದುಕೊಂಡು ತಾನೇ ಎದ್ದು ನಿಲ್ಲುತ್ತಾನೆ. ನಿಂತ ಮೇಲೆ ಕೂರುವುದು ಹೇಗೆಂದು ಇನ್ನೂ ತಿಳಿಯದು, ನಿಂತಲ್ಲೇ ಅಳುತ್ತಾನೆ. ಯಾರಾದರೂ ಹೋಗಿ ಮೆಲ್ಲಗೆ ಕೂರಿಸಬೇಕು. ಬೇಗ ಬಾ.

ನಿನ್ನ ಅಕ್ಕ,
ಕೌಸಲ್ಯಾ